ಎಮ್ಯುಲೇಟರ್ ಕೋರ್ ಮತ್ತು ಫ್ರಂಟ್‌ಎಂಡ್: ಲಿಬ್‌ರೆಟ್ರೊ ಒಡಂಬಡಿಕೆ

ಹಳೆಯ ಗೇಮ್ ಕನ್ಸೋಲಿನ ಯಂತ್ರಾಂಶವನ್ನು ಇಂದಿನ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ತಂತ್ರಾಂಶದ ಮೂಲಕ ಅನುಕರಿಸುವ ಪ್ರೋಗ್ರಾಮಿಗೆ ಎಮ್ಯುಲೇಟರ್ ಎಂದು ಹೆಸರು. ಅದರೊಳಗೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕೆಲಸಗಳಿರುತ್ತವೆ. ಕನ್ಸೋಲಿನ ಪ್ರೊಸೆಸರ್, ಚಿತ್ರದ ಚಿಪ್, ಧ್ವನಿಯ ಚಿಪ್ ಇವು ಏನು ಮಾಡುತ್ತಿದ್ದವೋ ಅದನ್ನೇ ಹೆಜ್ಜೆಹೆಜ್ಜೆಗೂ ಲೆಕ್ಕ ಹಾಕುವುದು ಮೊದಲನೆಯದು. ವಿಂಡೋ ತೆರೆಯುವುದು, ಜಾಯ್‌ಸ್ಟಿಕ್ ಗುರುತಿಸುವುದು, ಸ್ಪೀಕರಿಗೆ ಧ್ವನಿ ಕಳಿಸುವುದು, ಮೆನು ತೋರಿಸುವುದು ಎರಡನೆಯದು. ಮೊದಲನೆಯ ಭಾಗವನ್ನು ಬೇರ್ಪಡಿಸಿ ಇಟ್ಟರೆ ಅದು ಕೋರ್, ಎರಡನೆಯದು ಫ್ರಂಟ್‌ಎಂಡ್. ಇವೆರಡೂ ಮಾತಾಡಿಕೊಳ್ಳುವ ಕ್ರಮಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಲಿಬ್‌ರೆಟ್ರೊ. ರೆಟ್ರೊಆರ್ಚ್ ಅದರ ಪ್ರಮುಖ ಫ್ರಂಟ್‌ಎಂಡ್.

ಚಿತ್ರ, ಧ್ವನಿ, ಗುಂಡಿಗಳು ಯಾವ ರೂಪದಲ್ಲಿ ದಾಟಬೇಕು ಎಂಬುದನ್ನು ಈ ಒಡಂಬಡಿಕೆ ಹೇಳುತ್ತದೆ. ಅದು ಯಾರಾದರೂ ಬರೆಯಬಹುದಾದ ಭಾಗ. ಲಿಬ್‌ರೆಟ್ರೊದ ನಿಜವಾದ ತೀರ್ಮಾನ ಇನ್ನೊಂದು: ಸಮಯದ ಹಿಡಿತ ಕೋರಿಗೆ ಇಲ್ಲ. ಕೋರ್ ತಾನಾಗಿ ಓಡುವುದಿಲ್ಲ. ಫ್ರಂಟ್‌ಎಂಡ್ ಕರೆದಾಗ ಒಂದು ಫ್ರೇಮಿನಷ್ಟು ಕೆಲಸ ಮಾಡಿ ಹಿಂದಿರುಗುತ್ತದೆ, ಮುಂದಿನ ಕರೆ ಬರುವವರೆಗೆ ಸುಮ್ಮನಿರುತ್ತದೆ. ಆಟವನ್ನು ಹಿಂದಕ್ಕೆ ಓಡಿಸುವುದರಿಂದ ಹಿಡಿದು ಎರಡು ಊರುಗಳಲ್ಲಿರುವ ಇಬ್ಬರು ಒಂದೇ ಆಟ ಆಡುವವರೆಗೆ, ರೆಟ್ರೊಆರ್ಚಿನ ಹೆಸರುವಾಸಿ ಸೌಲಭ್ಯಗಳೆಲ್ಲ ಈ ಒಂದು ನಿಯಮದ ಮೇಲೆ ನಿಂತಿವೆ.

ಹಿನ್ನೆಲೆ

ಎಮ್ಯುಲೇಟರನ್ನು ತುಂಡುಗಳಾಗಿ ಮಾಡುವ ಯೋಚನೆ ಹೊಸದಲ್ಲ. 1990ರ ದಶಕದ ಕೊನೆಯಲ್ಲಿ ಪ್ಲೇಸ್ಟೇಷನ್ ಎಮ್ಯುಲೇಟರುಗಳು ಪಿಎಸ್‌ಎಮು ಪ್ರೊ ಎಂಬ ಪ್ಲಗಿನ್ ಮಾದರಿಯನ್ನು ಅನುಸರಿಸುತ್ತಿದ್ದವು. ನಿಂಟೆಂಡೊ 64ರ ಎಮ್ಯುಲೇಟರುಗಳಲ್ಲಿ ಪ್ರಾಜೆಕ್ಟ್64ರ ಕರ್ತೃ ಜಿಲ್ಮಾರ್ ರೂಪಿಸಿದ ಪ್ಲಗಿನ್ ನಿಯಮಗಳಿದ್ದವು. ಆದರೆ ಅಲ್ಲಿ ತುಂಡು ಮಾಡಿದ್ದು ಬೇರೆ ಕಡೆ: ಕನ್ಸೋಲನ್ನೇ ಸೀಳಿ ಚಿತ್ರಕ್ಕೊಂದು ಪ್ಲಗಿನ್, ಧ್ವನಿಗೊಂದು, ಕಂಟ್ರೋಲರಿಗೊಂದು, ಸಿಡಿ ಓದಲು ಮತ್ತೊಂದು. ನಿಜವಾದ ಯಂತ್ರದಲ್ಲಿ ಬಿಗಿಯಾಗಿ ಹೆಣೆದುಕೊಂಡಿದ್ದ ಚಿಪ್‌ಗಳು ಹೀಗೆ ಬೇರೆಬೇರೆಯವರು ಬರೆದ ಕಡತಗಳಾದವು. ಈ ಆಟಕ್ಕೆ ಈ ಚಿತ್ರ ಪ್ಲಗಿನ್, ಆ ಆಟಕ್ಕೆ ಆ ಧ್ವನಿ ಪ್ಲಗಿನ್ ಎಂದು ಜೋಡಿ ಹುಡುಕುವುದೇ ಬಳಕೆದಾರರ ಪಾಡಾಯಿತು. ಚಿಪ್‌ಗಳ ನಡುವಿನ ಸೂಕ್ಷ್ಮ ಸಮಯಪಾಲನೆ ಆ ಗಡಿಯನ್ನು ದಾಟುವಾಗ ಕಳೆದುಹೋಗುತ್ತಿತ್ತು.

ಸೂಪರ್ ನಿಂಟೆಂಡೊ ಕನ್ಸೋಲಿನ ಬಿಎಸ್‌ಎನ್‌ಇಎಸ್ ಎಮ್ಯುಲೇಟರನ್ನು ಬರೆದ ಬೈಯು (ಮುಂದೆ ನಿಯರ್ ಎಂಬ ಹೆಸರು ಬಳಸಿದವರು) ಕತ್ತರಿಯನ್ನು ಸರಿಯಾದ ಜಾಗದಲ್ಲಿಟ್ಟರು. ಇಡೀ ಕನ್ಸೋಲ್ ಒಂದು ಲೈಬ್ರರಿ, ಹೊರಗಿನ ಜಗತ್ತು ಇನ್ನೊಂದು ಪ್ರೋಗ್ರಾಮ್. 2010ರ ಸುಮಾರಿಗೆ ಬಂದ ಆ ಲೈಬ್ರರಿಯ ಹೆಸರು ಲಿಬ್‌ಎಸ್‌ಎನ್‌ಇಎಸ್. ಅದಕ್ಕೆ ಫ್ರಂಟ್‌ಎಂಡ್ ಆಗಿ ನಾರ್ವೆಯ ಹಾನ್ಸ್-ಕ್ರಿಸ್ಟಿಯಾನ್ ಆರ್ಂಟ್‌ಸೆನ್ ಎಸ್‌ಎಸ್‌ಎನ್‌ಇಎಸ್ ಬರೆದರು. ಸೂಪರ್ ನಿಂಟೆಂಡೊಗೆ ಸೀಮಿತವಾಗಿದ್ದ ಆ ಕ್ರಮವನ್ನು ಯಾವ ಕನ್ಸೋಲಿಗಾದರೂ ಹೊಂದುವಂತೆ ವಿಸ್ತರಿಸಿದಾಗ ಅದು ಲಿಬ್‌ರೆಟ್ರೊ ಆಯಿತು. 2012ರಲ್ಲಿ ಎಸ್‌ಎಸ್‌ಎನ್‌ಇಎಸ್ ರೆಟ್ರೊಆರ್ಚ್ ಎಂಬ ಹೆಸರು ಪಡೆಯಿತು. ಹುಟ್ಟಿನ ಗುರುತು ಇಂದಿಗೂ ಉಳಿದಿದೆ: ಲಿಬ್‌ರೆಟ್ರೊದ ಕಾಲ್ಪನಿಕ ಕಂಟ್ರೋಲರಿನಲ್ಲಿ ಬಿ, ವೈ, ಸೆಲೆಕ್ಟ್, ಸ್ಟಾರ್ಟ್ ಗುಂಡಿಗಳ ಜೋಡಣೆ ಸೂಪರ್ ನಿಂಟೆಂಡೊದ್ದೇ.

ಲೈಬ್ರರಿ ಮತ್ತು ಅದರ 25 ಬಾಗಿಲುಗಳು

ಕೋರ್ ಎಂದರೆ ಒಂದು ಡೈನಮಿಕ್ ಲೈಬ್ರರಿ. ವಿಂಡೋಸಿನಲ್ಲಿ ಡಿಎಲ್ಎಲ್ ಕಡತ, ಲಿನಕ್ಸಿನಲ್ಲಿ ಎಸ್ಒ ಕಡತ. ಫ್ರಂಟ್‌ಎಂಡ್ ಅದನ್ನು ತಾನು ಓಡುತ್ತಿರುವಾಗಲೇ ಮೆಮೊರಿಗೆ ಎಳೆದುಕೊಂಡು, ನಿಗದಿತ ಹೆಸರಿನ ಫಂಕ್ಷನ್‌ಗಳನ್ನು ಹುಡುಕುತ್ತದೆ. ಕೋರ್ ಹೊರಗೆ ತೋರಿಸಬೇಕಾದ ಫಂಕ್ಷನ್‌ಗಳು ಒಟ್ಟು 25. ಎಲ್ಲವೂ ಸಿ ಭಾಷೆಯ ಸರಳ ರೂಪದಲ್ಲಿವೆ. ಆದ್ದರಿಂದ ಕೋರನ್ನು ಸಿ++ನಲ್ಲಿ ಬರೆದರೂ ರಸ್ಟ್‌ನಲ್ಲಿ ಬರೆದರೂ ಫ್ರಂಟ್‌ಎಂಡಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಈ ಫಂಕ್ಷನ್‌ಗಳ ವಿವರವಿರುವ ಹೆಡರ್ ಕಡತ ಎಂಐಟಿ ಪರವಾನಗಿಯಲ್ಲಿದೆ. ರೆಟ್ರೊಆರ್ಚ್ ಇರುವುದು ಜಿಪಿಎಲ್ ಮೂರನೆಯ ಆವೃತ್ತಿಯಲ್ಲಿ. ಹೀಗಾಗಿ ರೆಟ್ರೊಆರ್ಚಿನ ಒಂದು ಸಾಲನ್ನೂ ಮುಟ್ಟದೆ ಬೇರೆಯವರು ತಮ್ಮದೇ ಫ್ರಂಟ್‌ಎಂಡ್ ಬರೆಯಬಹುದು. 2019ರಲ್ಲಿ ಬಂದ ಕೋಡಿ 18 ಮೀಡಿಯಾ ಪ್ಲೇಯರ್ ಮಾಡಿದ್ದು ಅದನ್ನೇ.

ಪರಿಚಯ ಶುರುವಾಗುವುದು ಮೂರ್ನಾಲ್ಕು ಪ್ರಶ್ನೆಗಳಿಂದ. ಒಡಂಬಡಿಕೆಯ ಯಾವ ಆವೃತ್ತಿ ಎಂಬುದನ್ನು ರೆಟ್ರೊ_ಎಪಿಐ_ವರ್ಷನ್ ಹೇಳುತ್ತದೆ. ಉತ್ತರ ಮೊದಲಿನಿಂದಲೂ 1. ಅದು ಯಾಕೆ ಬದಲಾಗಿಲ್ಲ ಎಂಬುದು ಮುಂದೆ ಬರುತ್ತದೆ. ಕೋರಿನ ಹೆಸರೇನು, ಯಾವ ವಿಸ್ತರಣೆಯ ಕಡತಗಳನ್ನು ಓದುತ್ತದೆ, ಕಡತವನ್ನು ಮೆಮೊರಿಯಲ್ಲಿಟ್ಟು ಕೊಟ್ಟರೆ ಸಾಕೇ ಅಥವಾ ಡಿಸ್ಕಿನ ಪೂರ್ತಿ ವಿಳಾಸವೇ ಬೇಕೇ ಎಂಬುದನ್ನು ರೆಟ್ರೊ_ಗೆಟ್_ಸಿಸ್ಟಮ್_ಇನ್ಫೊ ತಿಳಿಸುತ್ತದೆ. ಕೊನೆಯ ಪ್ರಶ್ನೆ ಸಣ್ಣದಲ್ಲ. ಕಾರ್ಟ್ರಿಡ್ಜ್ ಆಟ ಕೆಲವು ಮೆಗಾಬೈಟ್‌ಗಳಲ್ಲಿ ಮುಗಿಯುತ್ತದೆ, ಹಾಗೇ ಕೈಗೆ ಕೊಟ್ಟುಬಿಡಬಹುದು. ಪ್ಲೇಸ್ಟೇಷನ್ ಸಿಡಿ 650 ಮೆಗಾಬೈಟ್ ಮೀರಬಹುದು, ಜೊತೆಗೆ ಹಲವು ಕಡತಗಳಾಗಿ ಹರಡಿರುತ್ತದೆ. ಅದನ್ನು ಕೋರೇ ಬೇಕಾದಷ್ಟು ಬೇಕಾದಾಗ ಓದಿಕೊಳ್ಳಬೇಕು.

ಆಟವನ್ನು ತೆರೆದ ನಂತರ ಕೋರ್ ಎರಡು ಬಗೆಯ ಅಳತೆಗಳನ್ನು ಹೇಳುತ್ತದೆ. ಚಿತ್ರದ ಸಾಮಾನ್ಯ ಅಗಲ-ಎತ್ತರ, ಗರಿಷ್ಠ ಅಗಲ-ಎತ್ತರ, ಪರದೆಯ ಅನುಪಾತ ಒಂದು ಕಡೆ. ಸೆಕೆಂಡಿಗೆ ಎಷ್ಟು ಫ್ರೇಮ್, ಎಷ್ಟು ಧ್ವನಿ ಮಾದರಿ ಎಂಬುದು ಇನ್ನೊಂದು ಕಡೆ. ಗರಿಷ್ಠವನ್ನು ಬೇರೆಯಾಗಿ ಹೇಳಲು ಕಾರಣವಿದೆ. ಸೂಪರ್ ನಿಂಟೆಂಡೊ ಬಹುಮಟ್ಟಿಗೆ 256×224 ಚಿತ್ರ ಬಿಡಿಸಿದರೂ ಕೆಲವು ಆಟಗಳು ಮಧ್ಯದಲ್ಲೇ 512 ಪಿಕ್ಸೆಲ್ ಅಗಲಕ್ಕೆ ಜಿಗಿಯುತ್ತವೆ. ಆಗ ಫ್ರಂಟ್‌ಎಂಡಿನ ಬಳಿ ಜಾಗ ಮೊದಲೇ ಸಿದ್ಧವಾಗಿರಬೇಕು.

ಒಂದು ಫ್ರೇಮಿನ ಪಯಣ

ಆಟ ನಡೆಯುತ್ತಿರುವಾಗ ಕೆಲಸ ಮಾಡುವುದು ಮುಖ್ಯವಾಗಿ ಒಂದೇ ಫಂಕ್ಷನ್: ರೆಟ್ರೊ_ರನ್. ಅದು ಏನನ್ನೂ ತೆಗೆದುಕೊಳ್ಳುವುದಿಲ್ಲ, ಏನನ್ನೂ ಹಿಂದಿರುಗಿಸುವುದಿಲ್ಲ. ಕೊಡುಕೊಳ್ಳುವಿಕೆಯೆಲ್ಲ ಅದರ ಹೊಟ್ಟೆಯೊಳಗೆ, ಕಾಲ್‌ಬ್ಯಾಕ್‌ಗಳ ಮೂಲಕ ನಡೆಯುತ್ತದೆ. ಆಟ ಶುರುವಾಗುವ ಮೊದಲೇ ಫ್ರಂಟ್‌ಎಂಡ್ ತನ್ನ ಕೆಲವು ಫಂಕ್ಷನ್‌ಗಳ ವಿಳಾಸವನ್ನು ಕೋರಿಗೆ ಕೊಟ್ಟಿರುತ್ತದೆ: ಚಿತ್ರ ಸಿದ್ಧವಾದರೆ ಇಲ್ಲಿ ಕರೆ, ಧ್ವನಿಗೆ ಇಲ್ಲಿ, ಗುಂಡಿ ನೋಡಬೇಕಿದ್ದರೆ ಇಲ್ಲಿ.

ಮೊದಲು ಗುಂಡಿಗಳು. ಕೋರ್ ಪ್ರತಿ ಫ್ರೇಮಿನಲ್ಲಿ ಒಮ್ಮೆಯಾದರೂ ಇನ್‌ಪುಟ್ ಪೋಲ್ ಕರೆಯಬೇಕು. ಆಗ ಫ್ರಂಟ್‌ಎಂಡ್ ನಿಜವಾದ ಸಾಧನಗಳನ್ನು ಓದಿಕೊಳ್ಳುತ್ತದೆ. ಆಮೇಲೆ ಕೋರ್ ಕೇಳುತ್ತದೆ: ಮೊದಲನೆಯ ಪೋರ್ಟಿನ ಜಾಯ್‌ಪ್ಯಾಡಿನಲ್ಲಿ ಸ್ಟಾರ್ಟ್ ಒತ್ತಿದೆಯೇ? ಉತ್ತರ ಒಂದು 16 ಬಿಟ್ ಸಂಖ್ಯೆ. ಆಟಗಾರನ ಕೈಯಲ್ಲಿ ಎಕ್ಸ್‌ಬಾಕ್ಸ್ ಕಂಟ್ರೋಲರ್ ಇದೆಯೋ, ಕೀಬೋರ್ಡ್ ಇದೆಯೋ, ಮೊಬೈಲ್ ಪರದೆಯ ಮೇಲೆ ಬಿಡಿಸಿದ ಗುಂಡಿಗಳಿವೆಯೋ ಕೋರಿಗೆ ತಿಳಿಯದು. ಅದರ ಪಾಲಿಗೆ ಇರುವುದು ರೆಟ್ರೊಪ್ಯಾಡ್ ಎಂಬ ಕಾಲ್ಪನಿಕ ಸಾಧನ ಮಾತ್ರ: 16 ಗುಂಡಿಗಳು, ಎರಡು ಅನಲಾಗ್ ಕಡ್ಡಿಗಳು. ಹೊಸ ಜಾಯ್‌ಸ್ಟಿಕ್ ಮಾರುಕಟ್ಟೆಗೆ ಬಂದರೆ ಫ್ರಂಟ್‌ಎಂಡನ್ನು ಒಮ್ಮೆ ತಿದ್ದಿದರೆ ಸಾಕು, ಎಲ್ಲ ಕೋರ್‌ಗಳೂ ಅದಕ್ಕೆ ಹೊಂದಿಕೊಂಡಂತೆ.

ಚಿತ್ರದ ಕಾಲ್‌ಬ್ಯಾಕ್ ನಾಲ್ಕು ವಿಷಯ ತೆಗೆದುಕೊಳ್ಳುತ್ತದೆ: ಪಿಕ್ಸೆಲ್‌ಗಳ ವಿಳಾಸ, ಅಗಲ, ಎತ್ತರ, ಮತ್ತು ಪಿಚ್. ಒಂದು ಸಾಲಿನ ಆರಂಭದಿಂದ ಮುಂದಿನ ಸಾಲಿನ ಆರಂಭಕ್ಕೆ ಎಷ್ಟು ಬೈಟ್ ಎಂಬುದು ಪಿಚ್. ಕೋರ್ ತನ್ನೊಳಗೆ 512 ಪಿಕ್ಸೆಲ್ ಅಗಲದ ಹಾಳೆ ಇಟ್ಟುಕೊಂಡು ಅದರಲ್ಲಿ 256 ಮಾತ್ರ ತುಂಬಿಸಿದ್ದರೆ ಪಿಚ್ ತಿಳಿಯದೆ ಚಿತ್ರ ಓರೆಯಾಗಿ ಕುಸಿದಂತೆ ಕಾಣುತ್ತದೆ. ಹೊಸದಾಗಿ ಕೋರ್ ಬರೆಯುವವರು ಮೊದಲು ಎಡವುವ ಕಲ್ಲು ಸಾಮಾನ್ಯವಾಗಿ ಇದೇ. ಬಣ್ಣಕ್ಕೆ ಮೂರು ರೂಪಗಳಿವೆ: 15 ಬಿಟ್, 16 ಬಿಟ್, 32 ಬಿಟ್. ಬೇರೆ ಹೇಳದಿದ್ದರೆ 15 ಬಿಟ್ ಎಂದು ಅರ್ಥ. ಹಿಂದಿನ ಫ್ರೇಮಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲದಿದ್ದರೆ, ಫ್ರಂಟ್‌ಎಂಡ್ ಒಪ್ಪುವುದಾದರೆ, ಕೋರ್ ಖಾಲಿ ವಿಳಾಸ ಕಳಿಸಿ ಹಳೆಯದನ್ನೇ ಮತ್ತೆ ತೋರಿಸು ಎನ್ನಬಹುದು.

ಧ್ವನಿ ಎರಡು ದಾರಿಯಲ್ಲಿ ಹೋಗುತ್ತದೆ: ಒಂದೊಂದೇ ಮಾದರಿಯಾಗಿ, ಅಥವಾ ಕಟ್ಟುಕಟ್ಟಾಗಿ. ಎಡ-ಬಲ ಹೆಣೆದ 16 ಬಿಟ್ ಸ್ಟೀರಿಯೊ ಎರಡಕ್ಕೂ ಒಂದೇ ರೂಪ. ಸೂಪರ್ ನಿಂಟೆಂಡೊ ಕೋರ್ ಸೆಕೆಂಡಿಗೆ ಸುಮಾರು 32,040 ಮಾದರಿ, 60.0988 ಫ್ರೇಮ್ ಎಂದು ಹೇಳುತ್ತದೆ. ಅಂದರೆ ಪ್ರತಿ ಫ್ರೇಮಿಗೂ 533ರ ಆಸುಪಾಸು ಜೋಡಿಗಳು.

ಆ 60.0988 ಎಂಬ ಸಂಖ್ಯೆಯಲ್ಲೇ ತೊಂದರೆ ಇದೆ. ಮೇಜಿನ ಮೇಲಿನ ಮಾನಿಟರ್ ಸೆಕೆಂಡಿಗೆ 60 ಬಾರಿ, ಅಥವಾ 59.94 ಬಾರಿ ಚಿತ್ರ ಬದಲಿಸುತ್ತದೆ. ಧ್ವನಿ ಕಾರ್ಡಿಗೆ ಅದರದೇ ಗಡಿಯಾರವಿದೆ. ಈ ಮೂರು ಗಡಿಯಾರಗಳು ಯಾವತ್ತೂ ಕೂಡಿಬರುವುದಿಲ್ಲ. ಮಾನಿಟರಿಗೆ ಹೊಂದಿಸಿಕೊಂಡರೆ ಧ್ವನಿಯ ಬಫರ್ ಬರಿದಾಗಿ ಚಟಪಟ ಸದ್ದು ಬರುತ್ತದೆ. ಧ್ವನಿಗೆ ಹೊಂದಿಸಿಕೊಂಡರೆ ಪರದೆ ಆಗಾಗ ಜರ್ಕ್ ಹೊಡೆಯುತ್ತದೆ. 2012ರಲ್ಲಿ ಆರ್ಂಟ್‌ಸೆನ್ ಬರೆದ ಒಂದು ಪ್ರಬಂಧ ಇದಕ್ಕೆ ಪರಿಹಾರ ಹೇಳಿತು. ಚಿತ್ರವನ್ನು ಮಾನಿಟರಿಗೇ ಕಟ್ಟಿಹಾಕಿ. ಧ್ವನಿಯ ಬಫರ್ ಎಷ್ಟು ತುಂಬಿದೆ ಎಂದು ನೋಡುತ್ತಾ, ಮಾದರಿಗಳ ದರವನ್ನು ಕಿವಿಗೆ ತಿಳಿಯದಷ್ಟು ಹಿಗ್ಗಿಸುತ್ತಾ ಕುಗ್ಗಿಸುತ್ತಾ ಹೋಗಿ. ರೆಟ್ರೊಆರ್ಚ್ ಸಾಮಾನ್ಯವಾಗಿ ಶೇ. 0.5ರವರೆಗೆ ಮಾತ್ರ ಹೀಗೆ ಜಾರಲು ಬಿಡುತ್ತದೆ. ಸ್ವರ ಅಷ್ಟು ಸರಿದದ್ದು ಆಟಗಾರನ ಗಮನಕ್ಕೆ ಬರುವುದಿಲ್ಲ.

ಇದೆಲ್ಲ ನಡೆಯುವಾಗ ಕೋರ್ ಏನೂ ಅರಿಯದೆ ಇರುತ್ತದೆ ಎಂಬುದೇ ಸೊಗಸು. ಚಿತ್ರವನ್ನು ಒಪ್ಪಿಸಲು ಅದು ಕಾಲ್‌ಬ್ಯಾಕ್ ಕರೆದಾಗ, ಮಾನಿಟರ್ ಸಿದ್ಧವಾಗುವವರೆಗೆ ಫ್ರಂಟ್‌ಎಂಡ್ ಆ ಕರೆಯಿಂದ ಹಿಂದಿರುಗದೆ ಕಾಯಬಹುದು. ಧ್ವನಿಯ ಬಫರ್ ತುಂಬಿದ್ದರೂ ಹಾಗೆಯೇ. ಕೋರಿಗೆ ಅದು ಸ್ವಲ್ಪ ನಿಧಾನವಾದ ಒಂದು ಫಂಕ್ಷನ್ ಕರೆ, ಅಷ್ಟೆ. ಕಾಯುವುದನ್ನು ಬಿಟ್ಟರೆ ಆಟ ಫಾಸ್ಟ್ ಫಾರ್ವರ್ಡ್ ಆಗುತ್ತದೆ. ರೆಟ್ರೊ_ರನ್ ಕರೆಯುವುದನ್ನೇ ನಿಲ್ಲಿಸಿದರೆ ಪಾಜ್. ಈ ಎರಡಕ್ಕೂ ಕೋರಿನಲ್ಲಿ ಒಂದು ಸಾಲೂ ಬರೆಯಬೇಕಿಲ್ಲ.

ಸ್ಥಿತಿಯನ್ನು ಕೇಳಿ ಪಡೆಯುವುದು

ಉಳಿದ ಜಾದೂ ಮೂರು ಫಂಕ್ಷನ್‌ಗಳಲ್ಲಿದೆ: ಕನ್ಸೋಲಿನ ಸದ್ಯದ ಸ್ಥಿತಿ ಎಷ್ಟು ಬೈಟ್ ಆಗುತ್ತದೆ ಎಂದು ಹೇಳುವುದು, ಅದನ್ನು ಕೊಟ್ಟ ಬಫರಿಗೆ ಬರೆಯುವುದು, ಬರೆದದ್ದನ್ನು ಮತ್ತೆ ತುಂಬಿಕೊಳ್ಳುವುದು. ಸೇವ್ ಸ್ಟೇಟ್ ಎಂದು ಆಟಗಾರರು ಕರೆಯುವುದು ಇದನ್ನೇ. ಇದರ ಗಾತ್ರ ಕನ್ಸೋಲಿನ ಮೇಲೆ ನಿಂತಿದೆ. ಮೊದಲ ನಿಂಟೆಂಡೊದ ಮುಖ್ಯ ಮೆಮೊರಿ 2 ಕಿಲೋಬೈಟ್. ಪ್ಲೇಸ್ಟೇಷನ್ನಿನಲ್ಲಿ 2 ಮೆಗಾಬೈಟ್ ಮುಖ್ಯ ಮೆಮೊರಿ, 1 ಮೆಗಾಬೈಟ್ ಚಿತ್ರದ ಮೆಮೊರಿ, 512 ಕಿಲೋಬೈಟ್ ಧ್ವನಿಯ ಮೆಮೊರಿ.

ಸ್ಥಿತಿಯನ್ನು ಫ್ರೇಮುಗಳ ನಡುವಣ ಬಿಡುವಿನಲ್ಲಿ ಯಾವಾಗ ಬೇಕಾದರೂ ತೆಗೆಯಬಹುದಾದ್ದರಿಂದ ಫ್ರಂಟ್‌ಎಂಡ್ ಅದನ್ನು ಪ್ರತಿ ಫ್ರೇಮಿಗೂ ತೆಗೆದು, ಹಿಂದಿನದಕ್ಕಿಂತ ಬದಲಾದದ್ದನ್ನು ಮಾತ್ರ ಉಳಿಸಿಕೊಂಡು, ಬೇಕಾದಾಗ ಒಂದೊಂದಾಗಿ ವಾಪಸು ತುಂಬುತ್ತಾ ಆಟವನ್ನು ಹಿಮ್ಮುಖವಾಗಿ ಓಡಿಸುತ್ತದೆ. ಇದು ರಿವೈಂಡ್.

ಇನ್ನೂ ಜಾಣತನದ್ದು ರನ್‌ಅಹೆಡ್. 2018ರಲ್ಲಿ ರೆಟ್ರೊಆರ್ಚಿಗೆ ಸೇರಿತು. ಗುಂಡಿ ಒತ್ತಿದ ಪರಿಣಾಮ ಒಂದೆರಡು ಫ್ರೇಮ್ ತಡವಾಗಿ ಕಾಣುವಂತೆಯೇ ಅನೇಕ ಹಳೆಯ ಆಟಗಳ ರಚನೆ ಇದೆ. ನಿಜವಾದ ಕನ್ಸೋಲಿನಲ್ಲೂ ಆ ವಿಳಂಬವಿತ್ತು. ರನ್‌ಅಹೆಡ್‌ನಲ್ಲಿ ಫ್ರಂಟ್‌ಎಂಡ್ ಒಂದು ಫ್ರೇಮನ್ನು ಚಿತ್ರ ತೋರಿಸದೆ ಓಡಿಸಿ, ಸ್ಥಿತಿ ಉಳಿಸಿಕೊಂಡು, ಅದೇ ಗುಂಡಿಗಳೊಂದಿಗೆ ಮುಂದಿನ ಫ್ರೇಮನ್ನೂ ಓಡಿಸಿ ಅದರ ಚಿತ್ರವನ್ನು ಪರದೆಗೆ ಕೊಟ್ಟು, ತಕ್ಷಣ ಉಳಿಸಿದ ಸ್ಥಿತಿಗೆ ಮರಳುತ್ತದೆ. ಆಟಗಾರ ನೋಡುತ್ತಿರುವುದು ಭವಿಷ್ಯದ ಒಂದು ಫ್ರೇಮ್. ಒಂದು ಫ್ರೇಮ್ ವಿಳಂಬ ಮಾಯ. ಬೆಲೆ ಪ್ರೊಸೆಸರ್ ತೆರಬೇಕು: ಪ್ರತಿ ಫ್ರೇಮಿಗೂ ಎರಡು ಪಟ್ಟು ಕೆಲಸ, ಅದೂ 16.6 ಮಿಲಿಸೆಕೆಂಡಿನೊಳಗೆ. ಅಳತೆ ಮೀರಿ ಮುಂದೆ ಓಡಿಸಿದರೆ ಪಾತ್ರದ ಚಲನೆಯ ಮೊದಲ ಚಿತ್ರಗಳೇ ಹಾರಿಹೋಗುತ್ತವೆ.

ನೆಟ್‌ಪ್ಲೇ ಕೂಡ ಇದೇ ಉಪಾಯದ ಮಗು. ಎರಡು ಯಂತ್ರಗಳಲ್ಲಿ ಒಂದೇ ಆಟ ಓಡುತ್ತದೆ. ನಡುವೆ ಹೋಗುವುದು ಬಹುಪಾಲು ಗುಂಡಿಗಳ ಮಾಹಿತಿ. ಎದುರಾಳಿಯ ಗುಂಡಿ ಬರುವುದು ತಡವಾದರೆ ಊಹಿಸಿ ಮುಂದುವರಿಯುತ್ತದೆ. ಊಹೆ ತಪ್ಪಾದರೆ ಹಳೆಯ ಸ್ಥಿತಿಗೆ ಮರಳಿ, ಸರಿಯಾದ ಗುಂಡಿಗಳೊಂದಿಗೆ ಅಷ್ಟೂ ಫ್ರೇಮುಗಳನ್ನು ಕ್ಷಣದಲ್ಲಿ ಮರು ಓಡಿಸುತ್ತದೆ. ಇದಕ್ಕೆ ಒಂದು ಕಟ್ಟುನಿಟ್ಟಾದ ಷರತ್ತು: ಒಂದೇ ಸ್ಥಿತಿ, ಒಂದೇ ಗುಂಡಿಗಳು ಕೊಟ್ಟರೆ ಕೋರ್ ಯಾವಾಗಲೂ ಒಂದೇ ಫಲ ಕೊಡಬೇಕು. ಕೋರ್ ಕದ್ದು ಕಂಪ್ಯೂಟರಿನ ಗಡಿಯಾರ ನೋಡಿದರೆ ಅಲ್ಲಿಗೆ ಮುಗಿಯಿತು. ಗಡಿಯಾರದ ಚಿಪ್ ಇದ್ದ ಗೇಮ್ ಬಾಯ್ ಕಾರ್ಟ್ರಿಡ್ಜುಗಳು ಇಲ್ಲಿ ತಲೆನೋವು. ಸ್ಥಿತಿಯನ್ನು ಪೂರ್ತಿಯಾಗಿ ಬರೆಯಲಾಗದ, ಅಥವಾ ಬರೆದದ್ದು ಬೇರೆ ಬಗೆಯ ಯಂತ್ರದಲ್ಲಿ ಓದಲಾಗದ ಕೋರ್‌ಗಳು ತಮ್ಮ ಕೊರತೆಯನ್ನು ಮೊದಲೇ ಸಾರಿಬಿಡಲು ಒಡಂಬಡಿಕೆಯಲ್ಲಿ ಪ್ರತ್ಯೇಕ ಆಜ್ಞೆಯೇ ಇದೆ.

ಬೆಳೆಯುವ ಜಾಗ

25 ಫಂಕ್ಷನ್‌ಗಳು ಹೆಚ್ಚಾಗದೆ, ಆವೃತ್ತಿ 1ರಲ್ಲೇ ನಿಂತು, ಲಿಬ್‌ರೆಟ್ರೊ ಹತ್ತು ವರ್ಷಕ್ಕೂ ಹೆಚ್ಚು ಬೆಳೆದದ್ದು ಎನ್ವಿರಾನ್‌ಮೆಂಟ್ ಎಂಬ ಒಂದೇ ಕಾಲ್‌ಬ್ಯಾಕ್‌ನಿಂದ. ಅದು ಒಂದು ಆಜ್ಞೆಯ ಸಂಖ್ಯೆಯನ್ನೂ ಒಂದು ಮೆಮೊರಿ ವಿಳಾಸವನ್ನೂ ತೆಗೆದುಕೊಂಡು ಆಯಿತು ಅಥವಾ ಇಲ್ಲ ಎನ್ನುತ್ತದೆ. ಹೊಸ ಸೌಲಭ್ಯ ಬೇಕೆ? ಹೊಸ ಸಂಖ್ಯೆ ಸೇರಿಸಿದರಾಯಿತು. ಹಳೆಯ ಫ್ರಂಟ್‌ಎಂಡಿಗೆ ಆ ಸಂಖ್ಯೆ ಗೊತ್ತಿಲ್ಲದಿದ್ದರೆ ಇಲ್ಲ ಎನ್ನುತ್ತದೆ, ಕೋರ್ ಅದಿಲ್ಲದೆ ಮುಂದುವರಿಯುತ್ತದೆ. ಇಂಥ ಆಜ್ಞೆಗಳು ಈಗ 70ಕ್ಕೂ ಹೆಚ್ಚು. ಉಳಿದ ಕಾಲ್‌ಬ್ಯಾಕ್‌ಗಳನ್ನು ಮೊದಲ ರೆಟ್ರೊ_ರನ್‌ಗೆ ಮುಂಚೆ ಕೊಟ್ಟರೆ ಸಾಕು. ಇದನ್ನು ಮಾತ್ರ ಕೋರನ್ನು ಚಾಲನೆಗೊಳಿಸುವ ಮೊದಲೇ ಕೊಡಬೇಕು.

ಬಯೋಸ್ ಕಡತಗಳನ್ನು ಎಲ್ಲಿ ಹುಡುಕಲಿ, ಸೇವ್ ಎಲ್ಲಿ ಇಡಲಿ, ಬಣ್ಣದ ರೂಪ ಯಾವುದು, ಕಂಟ್ರೋಲರನ್ನು ಎಷ್ಟು ಜೋರಾಗಿ ನಡುಗಿಸಲಿ, ಲಾಗ್ ಎಲ್ಲಿ ಬರೆಯಲಿ ಎಲ್ಲವೂ ಈ ದಾರಿಯಲ್ಲೇ ಹೋಗುತ್ತವೆ. ಕೋರಿಗೆ ತನ್ನದೇ ಮೆನು ಇಲ್ಲ. ತನ್ನಲ್ಲಿ ಯಾವ ಆಯ್ಕೆಗಳಿವೆ, ಯಾವ ಮೌಲ್ಯಗಳು ಸಾಧ್ಯ ಎಂದು ಪಠ್ಯವಾಗಿ ಹೇಳುತ್ತದೆ, ಮೆನು ಬಿಡಿಸುವುದು ಫ್ರಂಟ್‌ಎಂಡ್. ಆಟಗಾರ ಏನಾದರೂ ಬದಲಿಸಿದ್ದಾನೆಯೇ ಎಂದು ಕೋರ್ ಆಗಾಗ ಕೇಳಿ ತಿಳಿದುಕೊಳ್ಳುತ್ತದೆ.

ಡಿಸ್ಕ್ ಬದಲಿಸುವ ಆಜ್ಞೆ ಇವುಗಳಲ್ಲಿ ನನ್ನ ಮೆಚ್ಚಿನದು. ಪ್ಲೇಸ್ಟೇಷನ್ನಿನ ಫೈನಲ್ ಫ್ಯಾಂಟಸಿ 7 ಮೂರು ಸಿಡಿಗಳಲ್ಲಿ ಬಂದಿತ್ತು. ಎರಡನೆಯದು ಹಾಕಿ ಎಂದು ಆಟ ಹೇಳಿದಾಗ ಕಡತವನ್ನು ಸುಮ್ಮನೆ ಬದಲಿಸಿದರೆ ಸಾಲದು. ಕನ್ಸೋಲಿನ ಮುಚ್ಚಳ ತೆರೆದದ್ದನ್ನೂ ಮುಚ್ಚಿದ್ದನ್ನೂ ಯಂತ್ರ ಗಮನಿಸುತ್ತದೆ. ಹಾಗಾಗಿ ಫ್ರಂಟ್‌ಎಂಡ್ ಮೊದಲು ಇಲ್ಲದ ಮುಚ್ಚಳವನ್ನು ತೆರೆದು, ಎಷ್ಟನೆಯ ಡಿಸ್ಕ್ ಎಂದು ಹೇಳಿ, ಮತ್ತೆ ಮುಚ್ಚಬೇಕು.

ಮೂರು ಆಯಾಮದ ಕನ್ಸೋಲುಗಳ ಕಥೆ ಅಷ್ಟು ಸಲೀಸಲ್ಲ. ನಿಂಟೆಂಡೊ 64, ಡ್ರೀಮ್‌ಕಾಸ್ಟ್, ಪಿಎಸ್‌ಪಿ ಕೋರ್‌ಗಳು ಸಾಮಾನ್ಯವಾಗಿ ಗ್ರಾಫಿಕ್ಸ್ ಕಾರ್ಡನ್ನೇ ಬಳಸುತ್ತವೆ. ಪಿಕ್ಸೆಲ್‌ಗಳನ್ನು ಮುಖ್ಯ ಮೆಮೊರಿಗೆ ಇಳಿಸಿ ಮತ್ತೆ ಏರಿಸುವುದು ದುಬಾರಿ. ಆಗ ಕೋರ್ ಓಪನ್‌ಜಿಎಲ್ ಅಥವಾ ವಲ್ಕನ್ ಎಂಬ ಗ್ರಾಫಿಕ್ಸ್ ಎಪಿಐ ಬೇಕೆಂದು ಕೇಳುತ್ತದೆ, ಫ್ರಂಟ್‌ಎಂಡ್ ಕಾಂಟೆಕ್ಸ್ಟ್ ಸಿದ್ಧಪಡಿಸಿ ಕೊಡುತ್ತದೆ. ಓಪನ್‌ಜಿಎಲ್ ಆದರೆ ಕೋರ್ ಫ್ರಂಟ್‌ಎಂಡ್ ತೋರಿಸಿದ ಫ್ರೇಮ್‌ಬಫರಿಗೇ ಚಿತ್ರ ಬಿಡಿಸಿ, ಪಿಕ್ಸೆಲ್ ವಿಳಾಸದ ಬದಲು ಚಿತ್ರ ಕಾರ್ಡಿನಲ್ಲೇ ಇದೆ ಎಂಬ ಒಂದು ವಿಶೇಷ ಸಂಕೇತ ಕಳಿಸುತ್ತದೆ. ಇಲ್ಲಿ ಗೋಡೆ ತೆಳುವಾಗುತ್ತದೆ. ಒಂದೇ ಕಾಂಟೆಕ್ಸ್ಟ್ ಹಂಚಿಕೊಂಡಾಗ ಕೋರ್ ಬಿಟ್ಟುಹೋದ ಯಾವುದೋ ಸೆಟ್ಟಿಂಗ್ ಮೆನುವಿನ ಚಿತ್ರವನ್ನು ಕೆಡಿಸಬಹುದು. ಪೂರ್ಣ ಪರದೆಗೆ ಹೋದಾಗ ಕಾಂಟೆಕ್ಸ್ಟ್ ನಾಶವಾದರೆ ಕೋರ್ ತನ್ನ ಟೆಕ್ಸ್ಚರುಗಳನ್ನೆಲ್ಲ ಮೊದಲಿನಿಂದ ಕಟ್ಟಬೇಕು.

ಒಗ್ಗದ ಕಡೆಗಳು

ಎಲ್ಲ ಎಮ್ಯುಲೇಟರುಗಳೂ ಒಂದು ಫ್ರೇಮ್ ಓಡಿ ನಿಲ್ಲುವಂತೆ ಹುಟ್ಟಿದವಲ್ಲ. ತಮ್ಮದೇ ಮುಖ್ಯ ಲೂಪ್ ಹಿಡಿದು, ಆಟ ಮುಗಿಯುವವರೆಗೆ ಹಿಂದಿರುಗದ ಪ್ರೋಗ್ರಾಮುಗಳೇ ಹೆಚ್ಚು. ಅಂಥವನ್ನು ಕೋರ್ ಮಾಡಲು ಬೈಯು ಅವರೇ ಬರೆದ ಲಿಬ್‌ಕೊ ಎಂಬ ಲೈಬ್ರರಿ ನೆರವಾಯಿತು. ಅದು ಒಂದೇ ಥ್ರೆಡ್ಡಿನೊಳಗೆ ಎರಡು ಸ್ಟ್ಯಾಕ್‌ಗಳ ನಡುವೆ ಜಿಗಿಯಲು ಬಿಡುತ್ತದೆ: ಫ್ರೇಮ್ ಮುಗಿದ ಜಾಗದಲ್ಲೇ ಎಮ್ಯುಲೇಟರನ್ನು ಹಾಗೇ ನಿಲ್ಲಿಸಿ ಫ್ರಂಟ್‌ಎಂಡಿಗೆ ಮರಳುವುದು, ಮುಂದಿನ ರೆಟ್ರೊ_ರನ್‌ನಲ್ಲಿ ನಿಂತಲ್ಲಿಂದಲೇ ಹೊರಡುವುದು. ಮೂಲ ಲೇಖಕರು ತಮ್ಮ ವಿನ್ಯಾಸ ಬದಲಿಸಲು ಒಪ್ಪದ ಕಡೆ ಇದು ದಾರಿ; ಅಂದವಾದ ದಾರಿಯೆಂದು ಹೇಳಲಾಗದು.

ಇನ್ನೊಂದು ಕೊರತೆ ವಿನ್ಯಾಸದ್ದೇ. ರೆಟ್ರೊ_ರನ್ ಯಾವ ಕನ್ಸೋಲನ್ನು ಓಡಿಸಬೇಕೆಂದು ಹೇಳುವ ಗುರುತನ್ನು ತೆಗೆದುಕೊಳ್ಳುವುದಿಲ್ಲ. ಸ್ಥಿತಿಯೆಲ್ಲ ಗ್ಲೋಬಲ್ ವೇರಿಯಬಲ್‌ಗಳಲ್ಲಿ ಕುಳಿತಿರುತ್ತದೆ, ಆದ್ದರಿಂದ ಒಂದು ಲೈಬ್ರರಿಗೆ ಒಂದೇ ಕನ್ಸೋಲ್. ರನ್‌ಅಹೆಡ್‌ಗೆ ಒಂದೇ ಕೋರಿನ ಎರಡು ಪ್ರತಿ ಬೇಕಾದಾಗ ರೆಟ್ರೊಆರ್ಚ್ ಮಾಡುವ ಕೆಲಸ ನಗು ತರಿಸುತ್ತದೆ: ಕೋರ್ ಕಡತವನ್ನು ಬೇರೆ ಹೆಸರಿನಲ್ಲಿ ತಾತ್ಕಾಲಿಕ ಜಾಗಕ್ಕೆ ನಕಲು ಮಾಡಿ, ಅದು ಬೇರೆಯೇ ಲೈಬ್ರರಿ ಎಂದು ಆಪರೇಟಿಂಗ್ ಸಿಸ್ಟಮ್ಮನ್ನು ನಂಬಿಸಿ ಮತ್ತೊಮ್ಮೆ ತುಂಬಿಕೊಳ್ಳುತ್ತದೆ.

ಕೋರ್ ಮತ್ತು ಫ್ರಂಟ್‌ಎಂಡ್ ಒಂದೇ ಪ್ರಕ್ರಿಯೆಯಲ್ಲಿ ಇರುವುದರಿಂದ ಕೋರ್ ಕುಸಿದರೆ ಮೆನುವೂ ಜೊತೆಗೇ ಬೀಳುತ್ತದೆ. ಮ್ಯಾಕ್ ಕಂಪ್ಯೂಟರಿನ ಓಪನ್‌ಎಮು ಇಲ್ಲಿ ಬೇರೆ ಹಾದಿ ಹಿಡಿಯಿತು. ಅದರ ಕೋರ್‌ಗಳು ಆಬ್ಜೆಕ್ಟಿವ್-ಸಿ ಕ್ಲಾಸುಗಳು, ಪ್ರತ್ಯೇಕ ಸಹಾಯಕ ಪ್ರಕ್ರಿಯೆಯಲ್ಲಿ ಓಡುತ್ತವೆ. ಆಟ ಬಿದ್ದರೂ ಆಟಗಳ ಪಟ್ಟಿಯ ವಿಂಡೋ ನಿಂತಿರುತ್ತದೆ. ಎಮ್ಯುಲೇಷನ್‌ಸ್ಟೇಷನ್ ಮುಂತಾದವನ್ನೂ ಜನ ಫ್ರಂಟ್‌ಎಂಡ್ ಎನ್ನುತ್ತಾರಾದರೂ ಅವು ಆಟದ ಪಟ್ಟಿ ತೋರಿಸಿ ಬೇರೊಂದು ಪ್ರೋಗ್ರಾಮನ್ನು ಆರಂಭಿಸುವ ಲಾಂಚರ್‌ಗಳು. ಫ್ರೇಮ್ ಮಟ್ಟದ ಮಾತುಕತೆ ಅಲ್ಲಿಲ್ಲ.

ಎಮ್ಯುಲೇಟರ್ ಲೇಖಕರಲ್ಲಿ ಕೆಲವರಿಗೆ ಈ ವ್ಯವಸ್ಥೆಯ ಬಗ್ಗೆ ಅಸಮಾಧಾನವಿದೆ, ಅದರಲ್ಲಿ ಹುರುಳೂ ಇದೆ. ಕೋರ್ ಆಗಿ ಕವಲೊಡೆದ ಪ್ರತಿ ಮೂಲಕ್ಕಿಂತ ಹಿಂದೆ ಬೀಳುತ್ತದೆ, ಅದರ ದೋಷಗಳ ದೂರು ಮಾತ್ರ ಮೂಲ ಲೇಖಕರ ಬಾಗಿಲಿಗೆ ಬರುತ್ತದೆ. ಸೂಪರ್ ನಿಂಟೆಂಡೊ ಎಮ್ಯುಲೇಟರ್ ಸ್ನೆಸ್9ಎಕ್ಸ್‌ನ 2002, 2005, 2010ರ ಹೆಸರು ಹೊತ್ತ ಪ್ರತ್ಯೇಕ ಕೋರ್‌ಗಳು ಇಂದಿಗೂ ಇವೆ. ದುರ್ಬಲ ಪ್ರೊಸೆಸರಿಗೆ ಹಳೆಯ ಆವೃತ್ತಿಯೇ ಹಗುರ ಎಂಬ ಸಮರ್ಥನೆ ಅದಕ್ಕಿದೆ.

ಆಟವಲ್ಲದ್ದೂ ಎಮ್ಯುಲೇಟರ್ ಅಲ್ಲದ್ದೂ ಇದೇ ಬಾಗಿಲಿನಿಂದ ಒಳಬಂದಿವೆ: ಡೂಮ್‌ಗಾಗಿ ಪಿಆರ್‌ಬೂಮ್, ಕ್ವೇಕ್‌ಗಾಗಿ ಟೈರ್‌ಕ್ವೇಕ್, 2048 ಒಗಟು, ಸಿನಿಮಾ ಓಡಿಸುವ ಎಫ್‌ಎಫ್‌ಎಂಪೆಗ್. ಫ್ರೇಮ್ ಕೊಟ್ಟು ಗುಂಡಿ ಕೇಳುವ ಯಾವುದಾದರೂ ಕೋರ್ ಆಗಬಲ್ಲದು. ಡೈನಮಿಕ್ ಲೈಬ್ರರಿಗೆ ಅವಕಾಶವಿಲ್ಲದ ಕೆಲವು ಕನ್ಸೋಲುಗಳಲ್ಲಿ ಕೋರನ್ನೂ ಫ್ರಂಟ್‌ಎಂಡನ್ನೂ ಬೆಸೆದು ಒಂದೊಂದು ಕೋರಿಗೂ ಒಂದೊಂದು ಪ್ರೋಗ್ರಾಮ್ ಕಟ್ಟುತ್ತಾರೆ. 2024ರ ಏಪ್ರಿಲಿನಲ್ಲಿ ಆಪಲ್ ತನ್ನ ಆಪ್ ಸ್ಟೋರಿಗೆ ಎಮ್ಯುಲೇಟರುಗಳನ್ನು ಬಿಟ್ಟುಕೊಂಡು, ಮೇ ತಿಂಗಳಲ್ಲಿ ರೆಟ್ರೊಆರ್ಚ್ ಐಫೋನಿಗೆ ಬಂದಾಗಲೂ ಕೋರ್‌ಗಳನ್ನು ಆಮೇಲೆ ಡೌನ್‌ಲೋಡ್ ಮಾಡಿಕೊಳ್ಳುವಂತಿರಲಿಲ್ಲ. ಸಹಿ ಮಾಡಿ ಒಳಗೇ ಕಟ್ಟಿ ಕಳಿಸಬೇಕಾಯಿತು. ಓಡುತ್ತಿರುವಾಗಲೇ ಹೊಸ ಯಂತ್ರಭಾಷೆ ಹುಟ್ಟಿಸುವ ಜೆಐಟಿ ತಂತ್ರಕ್ಕೂ ಅಲ್ಲಿ ಅನುಮತಿಯಿಲ್ಲ. ಜೆಐಟಿ ನಡೆಯುತ್ತದೆಯೇ ಎಂದು ಕೋರ್ ಫ್ರಂಟ್‌ಎಂಡನ್ನು ಕೇಳಲು ಎನ್ವಿರಾನ್‌ಮೆಂಟ್ ಆಜ್ಞೆ ಇದೆ. ಇಲ್ಲವೆಂದರೆ ಕೋರ್ ನಿಧಾನವಾದ ಇಂಟರ್‌ಪ್ರಿಟರಿಗೆ ಇಳಿಯಬಹುದು.